ಅಪ್ಪ ಹೇಳುವ ತನಕ

ರಜೆಯ ದಿನವೂ ಆರಕ್ಕೇ ಎಚ್ಚರವಾಯಿತು. ಇನ್ನೊಂದು ಗಂಟೆ ಮಲಗೋಣವೆಂದು ಮಗ್ಗುಲು ಬದಲಿಸಿ ನೋಡಿದ, ಆಗಲಿಲ್ಲ. ಮೈಯಲ್ಲಿ ದಣಿವಿತ್ತು, ನಿದ್ದೆ ಇರಲಿಲ್ಲ; ಇವೆರಡೂ ಜೊತೆಯಾಗಿ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೊರಟವನು ಹೊಸ್ತಿಲ ಬಳಿ ವಯರಿಗೆ ಕಾಲು ತೊಡರಿಸಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತ. ನಾಲ್ಕು ತಿಂಗಳಿಂದ ಮನೆಯಲ್ಲಿ ಯಾರಾದರೊಬ್ಬರು ದಿನಕ್ಕೊಮ್ಮೆ ಈ ವಯರಿಗೆ ಎಡವುತ್ತಿದ್ದರು. ಮೊದಮೊದಲು ಎಡವಿದವರು ಏನಾದರೂ ಗೊಣಗುತ್ತಿದ್ದರು, ಈಗ ಅದೂ ನಿಂತಿತ್ತು. ಫ್ರಿಜ್ಜಿನ ಹಿಂದಿನ ಸಾಕೆಟ್ ಸುಟ್ಟ ದಿನ ಹೆಂಡತಿಯೇ ಮರದ ಸೌಟಿನಿಂದ ಸ್ವಿಚ್ಚು ಆರಿಸಿ, ಮೇನ್ ಎಳೆದು, ಆಮೇಲೆ ಪ್ಲಗ್ ಕಿತ್ತಿದ್ದಳು. ಪ್ಲಾಸ್ಟಿಕ್ಕು ಕಂದಾಗಿ, ಕಂದಿನ ನಡುವೆ ಕಪ್ಪಾಗಿ, ಒಂದು ತೂತು ಕರಗಿ ಬಾಯಿ ಸೊಟ್ಟಗಾಗಿತ್ತು. ಸಂಜೆ ಅವನು ಅಂಗಡಿಯಿಂದ ಬಂದಾಗ ಅವಳು ಅದನ್ನು ತೋರಿಸಿ, ನಾಳೆ ಬರುವಾಗ ಒಂದು ಸಾಕೆಟ್ ತನ್ನಿ ಅಂದಳು. ತರುತ್ತೇನೆ ಅಂದ. ಅಷ್ಟರವರೆಗೆ ಇರಲಿ ಎಂದು ನಡುಮನೆಯಿಂದ ಉದ್ದನೆಯ ವಯರೆಳೆದು ಫ್ರಿಜ್ಜಿಗೆ ಕೊಟ್ಟ. ಆ ನಾಳೆ ಇನ್ನೂ ಬಂದಿರಲಿಲ್ಲ.

ನಗೆಪಾಟಲಿನ ಸಂಗತಿಯೆಂದರೆ ಅವನು ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದುದೇ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ. ಅವನ ಬೆನ್ನ ಹಿಂದಿನ ಗೋಡೆಯ ತುಂಬ ಸಾಕೆಟ್ಟುಗಳೇ ಇದ್ದವು. ಬಂದವರು ಕೊಂಡ ವಸ್ತುವನ್ನು ಚೀಲಕ್ಕೆ ಹಾಕಿಕೊಳ್ಳುವ ಮೊದಲು ಅವನು ಕೌಂಟರಿನ ಮೇಲೆ ಅಂಗೈ ಊರಿ, ಹೇಗೆ ಕೂಡಿಸಬೇಕು ಎಂದು ಹೇಳಿಯೇ ಕಳಿಸುತ್ತಿದ್ದ. ಸ್ವಿಚ್ಚು ಆರಿಸಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಆ ಕೋಣೆಯದ್ದನ್ನು ಕೆಳಗೆ ಮಾಡಬೇಕು. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಇಟ್ಟು ಅದರ ದೀಪ ಹತ್ತುತ್ತದೆಯೇ ನೋಡಬೇಕು, ಆಮೇಲೆ ಬಿಚ್ಚುವ ಕಡೆ ಇಡಬೇಕು, ಆಮೇಲೆ ಮತ್ತೆ ಕರೆಂಟು ಇರುವ ಕಡೆ. ಯಾಕೆಂದರೆ ನಡುವೆ ಟೆಸ್ಟರೇ ಕೆಟ್ಟಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಕೆಲವರು ಶ್ರದ್ಧೆಯಿಂದ ಕೇಳುತ್ತಿದ್ದರು, ಬಹಳ ಜನ ಬಾಗಿಲಿನತ್ತ ನೋಡುತ್ತಾ ಹ್ಞೂಂಗುಟ್ಟುತ್ತಿದ್ದರು. ಅಂಗಡಿಯ ಯಜಮಾನ, ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದ. ಗಿರಾಕಿಗಳೆದುರಿಗೇ, ಮೇಷ್ಟ್ರ ಪಾಠ ಮುಗಿಯಿತಾ, ಹಿಂದೆ ಜನ ನಿಂತಿದ್ದಾರೆ, ಅನ್ನುತ್ತಿದ್ದ. ಅವನು ನಕ್ಕುಬಿಡುತ್ತಿದ್ದ. ತಾನು ಹನ್ನೊಂದು ವರ್ಷದಿಂದ ಸ್ವಂತ ಕೈಯಲ್ಲಿ ಒಂದೇ ಒಂದು ಸ್ಕ್ರೂ ಬಿಚ್ಚಿಲ್ಲ ಎಂಬುದನ್ನು ಯಜಮಾನನಿಗೆ ಹೇಳುವ ಪ್ರಸಂಗ ಬಂದಿರಲಿಲ್ಲ. ಮನೆಯಲ್ಲಿ ಏನು ಕೆಟ್ಟರೂ ಹೊರಗಿನವರನ್ನು ಕರೆಸುತ್ತಿದ್ದ. ಈ ಸಲ ಕರೆಸಲು ಹೋದರೆ, ನೀವೇ ಅಂಗಡಿಯವರು, ಇಷ್ಟು ಸಣ್ಣ ಕೆಲಸಕ್ಕೆ ನಾವು ಯಾಕೆ ಎಂದು ಆ ಎಲೆಕ್ಟ್ರಿಷಿಯನ್ ನಕ್ಕಿದ್ದ. ಅದಾದಮೇಲೆ ಕರೆಯುವುದಕ್ಕೂ ಮನಸ್ಸಾಗಲಿಲ್ಲ.

ಹೆಂಡತಿ ಎದ್ದು ಒಲೆ ಹಚ್ಚಿದಳು. ಇಬ್ಬರೂ ಚಹಾ ಕುಡಿದರು. ಮಗಳು ತಡವಾಗಿ ಎದ್ದು ಬಂದು, ಮೇಜಿನ ಮೇಲೆ ಕಾಗದದ ಸಣ್ಣ ಪೊಟ್ಟಣವೊಂದನ್ನು ಇಟ್ಟಳು. ಒಳಗೆ ಹೊಸ ಸಾಕೆಟ್. ಅವಳಿಗೆ ಇಪ್ಪತ್ತೆರಡು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಲ್ಯಾಬಿನ ಕೆಳಗಿರುವ ಅಂಗಡಿಯಿಂದ ತಂದೆ ಎಂದಳು. ಅವನು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಒಳ್ಳೆಯದೇ, ಫ್ರಿಜ್ಜಿನ ಭಾರ ತಡೆಯುವಂಥದ್ದೇ. ಹಿಂದೆ ಹಿತ್ತಾಳೆಯ ಮೂರು ಸ್ಕ್ರೂಗಳು ಹೊಳೆಯುತ್ತಿದ್ದವು. ಇದರಂಥವೇ ನಲವತ್ತು ತನ್ನ ತಲೆಯ ಮೇಲಿನ ಶೆಲ್ಫಿನಲ್ಲಿ ಕೂತಿರುವಾಗ ತನ್ನ ಮಗಳು ಬೇರೆ ಅಂಗಡಿಯ ಮೆಟ್ಟಿಲು ಹತ್ತಿ, ಯಾರೋ ಒಬ್ಬನಿಂದ ಪಾಠ ಹೇಳಿಸಿಕೊಂಡಿದ್ದಾಳೆ. ಅವಳು ಅವನನ್ನು ಚುಚ್ಚಲು ತಂದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಚುಚ್ಚಲು ತಂದಿದ್ದರೆ ಒಂದು ಮಾತು ಬೈದು ಹಗುರಾಗಬಹುದಿತ್ತು. ನಾನೇ ಹಾಕುತ್ತೇನೆ ಅಪ್ಪ, ನೀನು ಸುಮ್ಮನೆ ಪಕ್ಕದಲ್ಲಿ ನಿಂತು ಹೇಳು ಸಾಕು ಎಂದಳು. ಒಲೆಯ ಕಡೆಯಿಂದ ಹೆಂಡತಿ, ಮಾವ ಬರಲಿ ತಾಳು, ಆ ಭಾರದ ಫ್ರಿಜ್ಜು ಸರಿಸುವುದಕ್ಕಾದರೂ ಒಬ್ಬರು ಬೇಕು, ಎಂದಳು. ಹೇಗೂ ರಜೆಯ ದಿನ ಹನ್ನೊಂದು ಗಂಟೆಗೆ ಅವನು ಬಂದೇ ಬರುತ್ತಿದ್ದ.

ಬಂದ. ಹೆಂಡತಿಯ ಒಬ್ಬನೇ ತಮ್ಮ. ಚಿಕ್ಕಂದಿನಲ್ಲಿ ಅಕ್ಕ ಇಟ್ಟ ದಡಬಡ ಎಂಬ ಅಡ್ಡಹೆಸರು ನಲವತ್ತೊಂದರ ಈ ಮೆಲ್ಲಗಿನ ಮನುಷ್ಯನಿಗೆ ಈಗ ಯಾವ ರೀತಿಯಿಂದಲೂ ಹೊಂದುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಬಿಟ್ಟ ಚಪ್ಪಲಿಯನ್ನು ನೇರ ಮಾಡಿ, ಒಳಗೆ ಬರಲೇ ಎಂಬಂತೆ ಒಂದು ಕ್ಷಣ ನಿಂತು, ಆಮೇಲೆ ಬಂದ. ಭಾವ ಎಂದು ನಕ್ಕ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಎಂದಿನಂತೆ ನೆಟ್ಟಗೆ, ಸ್ವಲ್ಪ ಮೇಲಕ್ಕೆದ್ದು, ಯಾರಿಗೋ ದಾರಿ ತೋರಿಸುತ್ತಿರುವ ಹಾಗೆ ಇದ್ದವು. ಚಹಾದ ಲೋಟವನ್ನು ಉಳಿದ ಬೆರಳುಗಳಲ್ಲಿ ಹಿಡಿಯುವುದು ಅವನಿಗೆ ಅಭ್ಯಾಸವಾಗಿತ್ತು. ನೋಡುವವರಿಗೆ ಆಗಬೇಕಿತ್ತು ಅಷ್ಟೇ, ಮತ್ತು ಅವನ ಭಾವನನ್ನು ಬಿಟ್ಟು ಎಲ್ಲರಿಗೂ ಆಗಿತ್ತು.

ಆ ಬೆರಳುಗಳಿಗೆ ಒಂದು ಕಾಲದಲ್ಲಿ ಸೀಮೆಸುಣ್ಣ ಬೇಕಿರಲಿಲ್ಲ. ತನ್ನ ದರ್ಜಿ ಅಂಗಡಿಯ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಗಿರಾಕಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಗೆರೆ ಎಳೆಯದೆ ಕತ್ತರಿ ಬಿಡುತ್ತಿದ್ದ. ಗಿರಾಕಿಯ ಎದೆ ಧಸಕ್ಕೆನ್ನುತ್ತಿತ್ತು. ಅಳತೆ ಒಂದು ನೂಲೂ ತಪ್ಪುತ್ತಿರಲಿಲ್ಲ. ಭಾವ ಒಮ್ಮೊಮ್ಮೆ ಸಂಜೆ ಅಲ್ಲಿ ಕೂತು ನೋಡುತ್ತಿದ್ದ. ಅಂಗಡಿಯ ಕೌಂಟರಿನಲ್ಲಿ ದಿನವಿಡೀ, ಇದು ಬೇಕೇ ಅದು ಬೇಕೇ ಎಂದು ಜನರನ್ನು ಕೇಳಿ ಕೇಳಿ ಸವೆದವನಿಗೆ, ಯಾರನ್ನೂ ಏನೂ ಕೇಳದ ಆ ಕತ್ತರಿಯ ಸದ್ದು ಹಿತವಾಗಿತ್ತು. ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಹೇಳಬಾರದು. ಹನ್ನೊಂದು ವರ್ಷದ ಹಿಂದಿನ ಆ ದಿನ ಅಲ್ಲಿ ಇಸ್ತ್ರಿ ಪೆಟ್ಟಿಗೆಗೆಂದು ಹೊಸ ಸಾಕೆಟ್ ಹಾಕಬೇಕಿತ್ತು. ಮಧ್ಯಾಹ್ನ ಮೂರೂವರೆ. ಪಶ್ಚಿಮದ ಬಿಸಿಲು ರಸ್ತೆಯಿಂದ ನೇರವಾಗಿ ಮೇಜಿನ ಮೇಲೆ, ಗೋಡೆಯ ಮೇಲೆ, ಬಿಚ್ಚಿಟ್ಟ ಡಬ್ಬಿಯ ಒಳಗೆ ಬಿದ್ದಿತ್ತು. ಭಾವನ ಅಂಗಿಯ ಜೇಬಿನಲ್ಲಿ ಎರಡು ವಾರದ ಹಿಂದೆ ಮಾಡಿಸಿದ ಕನ್ನಡಕವಿತ್ತು. ಚಾಳೀಸು ಬಂದ ವಿಷಯವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವನು ಕೆಲಸ ಮಾಡುವ ಅಂಗಡಿಗೆ ಆಗ ತಾನೇ ಹೊಸ ಯಜಮಾನ ಬಂದು, ಸಣ್ಣ ಅಕ್ಷರ ಓದಲಾರದ ಮುದುಕರನ್ನೆಲ್ಲ ಗೋದಾಮಿಗೆ ಹಾಕುತ್ತಿದ್ದಾನೆ ಎಂಬ ಮಾತು ಇತ್ತು. ಅದಿರಲಿ, ನಿಜ ಹೇಳಬೇಕೆಂದರೆ ಯಜಮಾನ ಆ ದಿನ ದರ್ಜಿ ಅಂಗಡಿಯಲ್ಲಿ ಇರಲಿಲ್ಲ. ಇದ್ದವನು ಬಾಮೈದ ಒಬ್ಬನೇ. ಮೂವತ್ತರ ಈ ಹುಡುಗಾಟದವನ ಮುಂದೆ ಕನ್ನಡಕ ಏರಿಸಿದರೆ, ನಮ್ಮ ಭಾವ ಅಜ್ಜ ಆದರು ಎಂದು ರಾತ್ರಿ ಊಟದ ಹೊತ್ತಿಗೆ ಮನೆಮಂದಿಗೆಲ್ಲ ತಿಳಿಸುತ್ತಾನೆ, ಅಷ್ಟೇ ಭಯ. ಹಾಗಾಗಿ ಮೇನ್ ಬೋರ್ಡಿನ ಚೀಟಿಗಳನ್ನು ಅಂದಾಜಿನಲ್ಲಿ ಓದಿ ಒಂದನ್ನು ಕೆಳಗೆ ಮಾಡಿದ. ಟೆಸ್ಟರನ್ನು ಕೆಂಪು ವಯರಿಗೆ ಇಟ್ಟ. ದೀಪ ಕಾಣಲಿಲ್ಲ. ಆ ಬಿಸಿಲಿನಲ್ಲಿ, ಆ ಕಣ್ಣಿನಲ್ಲಿ ಹೇಗೆ ಕಾಣಬೇಕು. ಪಕ್ಕದಲ್ಲಿ ಬಾಮೈದ ಸ್ಕ್ರೂಡ್ರೈವರ್ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ಏನಿಲ್ಲ, ಕೈ ಹಾಕು, ಎಂದ ಅವನು.

"ಅಪ್ಪ, ಏನ್ ಯೋಚ್ನೆ? ಬಾ," ಎಂದಳು ಮಗಳು. ಅವಳು ಮಾವನ ಜೊತೆ ಸೇರಿ ಫ್ರಿಜ್ಜನ್ನು ಸರಿಸಿ ಆಗಿತ್ತು. ಹಿಂದಿನ ಗೋಡೆಯಲ್ಲಿ ಜಿಡ್ಡುಗಟ್ಟಿದ ಧೂಳು, ಕಳೆದುಹೋಗಿತ್ತೆಂದುಕೊಂಡಿದ್ದ ಒಂದು ಚಮಚ, ನಡುವೆ ಬಾಯಿ ಸೊಟ್ಟಗಾದ ಸಾಕೆಟ್. ಮಗಳು ಕೂದಲನ್ನು ಎತ್ತಿ ಕಟ್ಟಿ, ಬಳೆ ಬಿಚ್ಚಿಟ್ಟು, ಒಣ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಬೇರೆ ಅಂಗಡಿಯವನು ಅಷ್ಟನ್ನು ಹೇಳಿ ಕಳಿಸಿದ್ದಾನೆ, ಪರವಾಗಿಲ್ಲ, ಅಂದುಕೊಂಡ ಅವನು. ಹೆಂಡತಿ ಸೆರಗಿಗೆ ಕೈಯೊರೆಸುತ್ತಾ ಬಾಗಿಲಲ್ಲಿ ಬಂದು ನಿಂತಳು. ಈ ಮನೆಯಲ್ಲಿ ಕರೆಂಟಿನ ವಿಷಯಕ್ಕೆ ಒಂದೇ ಒಂದು ಕಾನೂನಿತ್ತು, ಅದನ್ನು ಮಾಡಿದವಳು ಅವಳೇ. ಮಗಳು ಐದನೇ ತರಗತಿಯಲ್ಲಿದ್ದಾಗಿನಿಂದ ಅದನ್ನು ಕೇಳಿಕೊಂಡು ಬೆಳೆದಿದ್ದಳು. ಬಲ್ಬು ಬದಲಿಸುವಾಗ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಸಡಿಲವಾದಾಗ, ಹಾಸ್ಟೆಲಿಗೆ ಹೋಗುವ ಹಿಂದಿನ ದಿನ ಪೆಟ್ಟಿಗೆ ಕಟ್ಟುವಾಗ ಕೂಡ ಅದೇ ಮಾತು. ಈಗಲೂ ಹೆಂಡತಿ ಅದನ್ನೇ ಹೇಳಿದಳು.

"ಅಪ್ಪ ಹೇಳೋ ತನಕ ಮುಟ್ಟಬೇಡ. ನೋಡಲ್ಲಿ, ಮಾವನ ಬೆರಳು ನೋಡು. ಒಂದು ನಿಮಿಷ ತಡ್ಕೊಂಡಿದ್ರೆ ಇವತ್ತು ಎರಡು ಅಂಗಡಿ ಇರ್ತಿತ್ತು ಇವನದು."

ಬಾಮೈದ ಆಜ್ಞಾಧಾರಕನಂತೆ ಕೈ ಎತ್ತಿ ತೋರಿಸಿದ. ಅದೂ ರೂಢಿಯೇ. ಹೌದಮ್ಮ, ನನ್ನ ಹಾಗೆ ದಡಬಡ ಮಾಡಬೇಡ, ಎಂದು ನಕ್ಕ. ಆಸ್ಪತ್ರೆಯ ಓಣಿಯಲ್ಲಿ ಆ ದಿನ ಹೆಂಡತಿ ಓಡುತ್ತಾ ಬಂದು ಹೇಗಾಯಿತು ಎಂದು ಗಂಡನ ತೋಳು ಹಿಡಿದು ಅಲುಗಿಸಿದಾಗ, ನಾನು ಹೇಳುವ ತನಕ ಕಾಯಲಿಲ್ಲ ಎಂಬ ಮಾತು ಅವನ ಬಾಯಿಂದ ತಾನಾಗಿಯೇ ಹೊರಬಿದ್ದಿತ್ತು. ಯೋಚಿಸಿ ಹೇಳಿದ್ದಲ್ಲ. ಯೋಚಿಸಿದ್ದರೆ ಇಷ್ಟು ಸರಿಯಾದ ಸುಳ್ಳು ಅವನಿಗೆ ಹೊಳೆಯುತ್ತಲೂ ಇರಲಿಲ್ಲ. ಅವಳು ಕೂಡಲೇ ನಂಬಿದಳು. ಎಲ್ಲರೂ ನಂಬಿದರು, ಯಾಕೆಂದರೆ ದಡಬಡ ಅಂದರೆ ದಡಬಡವೇ, ಅವನು ಎಂದು ಕಾದಿದ್ದಾನೆ. ಎರಡು ದಿನದ ಮೇಲೆ ಸರಿಯಾಗಿ ಎಚ್ಚರವಾದ ಬಾಮೈದನಿಗೂ ಅಕ್ಕ ಅಳುತ್ತಾ ಬೈದು ಅದನ್ನೇ ಹೇಳಿದಳು. ಅವನು ಬ್ಯಾಂಡೇಜಿನ ಕೈ ನೋಡಿಕೊಂಡು, ಭಾವನ ಕಡೆ ನೋಡಿ, ತಪ್ಪಾಯಿತು ಭಾವ, ನಿಮಗೂ ಕೆಟ್ಟ ಹೆಸರು ತರುತ್ತಿದ್ದೆ, ಎಂದ. ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ನರ್ಸ್ ಬಂದು, ಎಲ್ಲರೂ ಹೊರಗೆ ನಡೆಯಿರಿ, ಅಂದಳು. ಹೊರಗೆ ಹೋದ. ಅಷ್ಟೊಂದು ಸುಲಭವಾಗಿ ಹೊರಗೆ ಹೋದದ್ದನ್ನು ಅವನು ಇಂದಿಗೂ ಮರೆತಿಲ್ಲ.

ಬರೀ ಬೆರಳಿನ ಮಾತಾಗಿದ್ದರೆ ಹೇಗೋ ಸಹಿಸಬಹುದಿತ್ತು. ಬೆರಳು ಅರ್ಧ ವಾಸಿಯಾದ ಮೇಲೆ ಬಾಮೈದ ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿತ. ಕೈ ಕಲಿಯಿತು, ಆದರೆ ಅವನು ಕತ್ತರಿಸಲೊಲ್ಲ. ಒಂದು ಅಂಗಿಗೆ ಮೂರು ಸಲ ಅಳೆದು, ಗೆರೆ ಎಳೆದು, ಅಳಿಸಿ, ಗಿರಾಕಿಗೆ ನಾಳೆ ಬನ್ನಿ ಅನ್ನುತ್ತಿದ್ದ. ನನ್ನ ಬುದ್ಧಿಯ ಮೇಲೆ ನನಗೇ ಭರವಸೆ ಇಲ್ಲ ಭಾವ, ಅವಸರ ನನ್ನ ರಕ್ತದಲ್ಲೇ ಇದೆ, ಎಂದು ಒಮ್ಮೆ ಹೇಳಿದ್ದ. ಅಂಗಡಿ ಮುಚ್ಚಿತು. ಈಗ ಸಿದ್ಧ ಉಡುಪಿನ ಗೋದಾಮಿನಲ್ಲಿ ಗುಂಡಿ ಗಟ್ಟಿ ಇದೆಯೇ ಎಂದು ಎಳೆದು ನೋಡುವ ಕೆಲಸ. ಒಂದು ಹೆಣ್ಣು ಒಪ್ಪಿದ್ದಳು, ಒಳ್ಳೆಯವಳು. ನೀವೇ ಹೇಳಿ ಭಾವ ಎಂದು ಐದು ತಿಂಗಳು ಈ ಮನೆಗೆ ಓಡಾಡಿದ, ಅಷ್ಟರಲ್ಲಿ ಆ ಮನೆಯವರು ಬೇಸತ್ತು ಬೇರೆ ಕಡೆ ಕೊಟ್ಟರು. ರಜೆಯ ದಿನ ಹನ್ನೊಂದು ಗಂಟೆಗೆ ಬರುವುದೇ ಅದಕ್ಕೆ. ಬಾಡಿಗೆ ಕೋಣೆ ಬದಲಿಸಲೇ, ಮೊಣಕಾಲಿಗೆ ಈ ಡಾಕ್ಟರೋ ಆ ಡಾಕ್ಟರೋ, ಈ ಬಣ್ಣದ ಕೊಡೆ ಕೊಳ್ಳಲೇ. ಲೋಕದಲ್ಲಿ ಅತ್ಯಂತ ಜಾಗರೂಕ ಮನುಷ್ಯ ತನ್ನ ಭಾವ ಎಂದು ಅವನು ನಂಬಿದ್ದ. ಕೇಳಿದ್ದಕ್ಕೆಲ್ಲ ಭಾವ ಉತ್ತರ ಹೇಳುತ್ತಿದ್ದ.

ಮಗಳು ಮೇನ್ ಬೋರ್ಡಿನ ಬಳಿ ಹೋಗಿ ಅಡುಗೆಮನೆಯ ಸ್ವಿಚ್ಚನ್ನು ಕೆಳಗೆ ಮಾಡಿ ಬಂದಳು. ಅಡುಗೆಮನೆಯ ಬಲ್ಬು ಆರಿತು, ನಡುಮನೆಯ ಫ್ಯಾನು ತಿರುಗುತ್ತಲೇ ಇತ್ತು. ಟೆಸ್ಟರಿನ ತುದಿಯನ್ನು ಸುಟ್ಟ ಸಾಕೆಟ್ಟಿನ ತೂತಿಗೆ ಇಟ್ಟು ಹೆಬ್ಬೆರಳಿನಿಂದ ಹಿಂಬದಿ ಒತ್ತಿದಳು. ಏನೂ ಹತ್ತಲಿಲ್ಲ. ಇನ್ನೊಂದು ತೂತು, ಅಲ್ಲೂ ಇಲ್ಲ. ತಿರುಗಿ ಅವನ ಮುಖ ನೋಡಿದಳು. ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್. ಅವನು ಈಗ ಕನ್ನಡಕ ಹಾಕಿದ್ದ, ವರ್ಷಗಳಿಂದ ಹಾಕುತ್ತಿದ್ದ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ಅವಳ ಹೆಬ್ಬೆರಳಿನ ಉಗುರಿನ ಬಿಳಿ, ಟೆಸ್ಟರಿನ ಒಳಗಿನ ಸತ್ತ ಸಣ್ಣ ದೀಪ, ಅವಳ ಕಣ್ಣಿನಲ್ಲಿ ಸ್ವಲ್ಪವೂ ಅನುಮಾನ ಇಲ್ಲದ್ದು. ಆ ಮುಖವನ್ನು ಅವನು ಒಮ್ಮೆ ನೋಡಿದ್ದ. ಇವತ್ತು ಕರೆಂಟು ನಿಜವಾಗಿಯೂ ಇಲ್ಲ, ಅವನಿಗೆ ಹೆಚ್ಚುಕಡಿಮೆ ಖಾತ್ರಿಯಿತ್ತು. ಇಲ್ಲ ಎಂದರೆ ಅವಳು ಬಿಚ್ಚುತ್ತಾಳೆ, ಹೊಸದನ್ನು ಹಾಕುತ್ತಾಳೆ, ಎಲ್ಲರೂ ಊಟಕ್ಕೆ ಕೂಡುತ್ತಾರೆ. ಏನೂ ಆಗುವುದಿಲ್ಲ. ನಾಳೆ ಅವಳು ತನ್ನ ಮನೆಯಲ್ಲಿ, ಇನ್ನಾರೋ ಒಬ್ಬರು ಪಕ್ಕದಲ್ಲಿ ನಿಂತು ಇಲ್ಲ ಎಂದಾಗ ಅವರ ಮುಖ ನೋಡಿ ಕೈ ಹಾಕುತ್ತಾಳೆ. ಯಾಕೆಂದರೆ ಈ ಮನೆಯಲ್ಲಿ ಅವಳು ಕಲಿತದ್ದು ಟೆಸ್ಟರನ್ನು ನೋಡುವುದನ್ನಲ್ಲ, ಹೇಳುವವರನ್ನು ನೋಡುವುದನ್ನು. ಅವನ ಒಂದು ಸುಳ್ಳಿನ ಮೇಲೆ ಹೆಂಡತಿ ಮುತುವರ್ಜಿಯಿಂದ ಕಟ್ಟಿದ ಕಾನೂನು ಅದು. ಸುಸ್ತಾಯಿತು ಅವನಿಗೆ. ಅಡುಗೆಕಟ್ಟೆಗೆ ಒರಗಿ ನಿಂತ.

"ಇಲ್ಲ ಅಲ್ವಾ ಅಪ್ಪ? ಹೇಳು, ಬಿಚ್ತೀನಿ."

"ನಾನು ಹೇಳಲ್ಲ," ಎಂದ ಅವನು. "ನಾನು ಹೇಳಿದ್ರೂ ನೀನು ಕೇಳಬೇಡ. ನಿಮ್ಮ ಮಾವ ಕೇಳಿದ್ದಕ್ಕೇ ಕೈ ಸುಟ್ಕೊಂಡಿದ್ದು."

ಹೆಂಡತಿಗೆ ಅರ್ಥವಾಗಲಿಲ್ಲ, ಏನು ಮಾತು ಅಂತ ಆಡುತ್ತೀರಿ ಎಂದಳು. ಅವನು ಹೇಳಿದ. ನಿಂತಲ್ಲೇ, ಗೋಡೆಯ ಧೂಳನ್ನು ನೋಡುತ್ತಾ, ಗಿರಾಕಿಗಳಿಗೆ ಹೇಳುವಷ್ಟೇ ಸಪ್ಪೆಯಾಗಿ ಹೇಳಿದ. ಜೇಬಿನಲ್ಲಿದ್ದ ಕನ್ನಡಕ, ಓದದೆ ಎಳೆದ ಸ್ವಿಚ್ಚು, ಬಿಸಿಲು, ಏನಿಲ್ಲ ಕೈ ಹಾಕು ಎಂದ ಮಾತು, ಆಮೇಲೆ ಆಸ್ಪತ್ರೆಯ ಓಣಿಯ ಮಾತು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದು ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹೇಳಿದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ಕೇಳಿದ್ದ. ಆಗಲಿಲ್ಲ. ನಾಚಿಕೆಯಾಗುತ್ತಿತ್ತು, ಅದೂ ತಪ್ಪಿಗಿಂತ ಹೆಚ್ಚಾಗಿ ಆ ಕನ್ನಡಕದ ಬಗ್ಗೆ. ಒಂದು ಕನ್ನಡಕಕ್ಕೆ ನಾಚಿಕೊಂಡವನು ಎಂಬುದೇ ಎಲ್ಲಕ್ಕಿಂತ ಅಗ್ಗವಾಗಿ ಕೇಳಿಸಿತು.

ಮೊದಲು ಮಾತಾಡಿದವನು ಬಾಮೈದ. ಅವನು ನಗುತ್ತಿದ್ದ, ಚಿಕ್ಕ ಮಕ್ಕಳು ಬಿದ್ದಾಗ ನೆಲಕ್ಕೆ ಹೊಡೆದು ಸಮಾಧಾನ ಮಾಡುವ ದೊಡ್ಡವರ ನಗು. ಬಿಡಿ ಭಾವ, ಇಷ್ಟು ವರ್ಷದ ಮೇಲೆ ನನ್ನ ತಪ್ಪು ನಿಮ್ಮ ತಲೆಗೆ ಹಾಕಿಕೊಳ್ಳುತ್ತೀರಾ, ಎಂದ. ನನಗೆ ನೆನಪಿಲ್ಲವೇ? ನೀವಿನ್ನೂ ಟೆಸ್ಟರ್ ಹಿಡಿದು ಬಗ್ಗಿದ್ದಿರಿ, ನಾನು ನಿಮ್ಮ ತೋಳಿನ ಕೆಳಗಿಂದ ಕೈ ತೂರಿಸಿದೆ, ನೀವು ತಡಿ ತಡಿ ಎಂದಿರಿ ಕೂಡ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕೈ ತೂರಿಸಿದ್ದು ಹೇಗೆಂದು ಎಡಗೈಯಿಂದ ಮಾಡಿಯೂ ತೋರಿಸಿದ. ಅವನ ಕಣ್ಣಿಗೆ ಅದು ಕಟ್ಟಿದಂತಿತ್ತು. ಅಕ್ಕ ಬೈದದ್ದು, ಭಾವ ಸುಮ್ಮನಿದ್ದದ್ದು, ಊಟದ ಮನೆಯಲ್ಲಿ ನೂರು ಸಲ ಹೇಳಿದ್ದು ಎಲ್ಲ ಸೇರಿ ಅವನಿಗೆ ಒಂದು ನೆನಪೇ ಆಗಿಬಿಟ್ಟಿತ್ತು, ಅಲ್ಲಿ ಬಿಸಿಲೂ ಇರಲಿಲ್ಲ. ತಪ್ಪು ಒಪ್ಪಿಕೊಂಡರೆ ಬೈಯುತ್ತಾನೆ, ಅಥವಾ ಕ್ಷಮಿಸುತ್ತಾನೆ, ಎರಡರಲ್ಲಿ ಒಂದು ಎಂದು ಭಾವ ರಾತ್ರಿಗಳನ್ನು ಕಳೆದಿದ್ದ. ನೀವು ಮಾಡೇ ಇಲ್ಲ ಎಂದು ತಪ್ಪನ್ನೇ ಹಿಂದಕ್ಕೆ ಕೊಡುತ್ತಾನೆ ಎಂದು ಅವನಿಗೆ ಹೊಳೆದಿರಲಿಲ್ಲ. ಇಲ್ಲ, ನಾನು ಹೇಳಿದೆ, ನೀನು ಕೇಳಿದೆ, ಎಂದು ಮತ್ತೊಮ್ಮೆ ಹೇಳಿದ. ಬಾಮೈದನ ನಗು ಮುಖದ ಮೇಲೆ ಉಳಿದಿತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಹೆಂಡತಿ ಬಾಗಿಲಿನಿಂದ ಕದಲಿರಲಿಲ್ಲ. ಅವಳು ಗಂಡನನ್ನು ನೋಡುತ್ತಿರಲಿಲ್ಲ, ತಮ್ಮನನ್ನೂ ನೋಡುತ್ತಿರಲಿಲ್ಲ.

"ಹನ್ನೊಂದು ವರ್ಷ," ಎಂದಳು. "ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ. ನಾನು ಬೈತಿದ್ದೆ."

ಅವಳು ಒಲೆಯ ಮುಂದೆ ಹೋಗಿ, ಆರಿದ್ದ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿ, ಟೆಸ್ಟರ್ ಹಿಡಿದು ನಡುಮನೆಗೆ ಹೋದಳು. ಫ್ರಿಜ್ಜಿನ ವಯರು ಸಿಕ್ಕಿಸಿದ್ದ ಸಾಕೆಟ್ಟಿನ ಪಕ್ಕದ ತೂತಿಗೆ ಇಟ್ಟು ದೀಪ ಹತ್ತಿದ್ದನ್ನು ಅಂಗೈ ಮರೆಮಾಡಿ ನೋಡಿದಳು. ತಿರುಗಿ ಬಂದಳು. ಆಗ ಅವನು ಇಷ್ಟು ಮಾತ್ರ ಹೇಳಿದ: ಮುಂಭಾಗದ ತೂತನ್ನು ನಂಬಬೇಡ, ಅದು ಒಳಗೆ ಸುಟ್ಟಿರುತ್ತದೆ, ಕರೆಂಟು ಇದ್ದರೂ ತೋರಿಸುವುದಿಲ್ಲ. ಎರಡು ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ಕಿನ ಅಂಚು ಹಿಡಿದು ಮುಂದಕ್ಕೆ ಎಳೆದು, ಹಿಂದಿನ ವಯರಿಗೇ ಇಟ್ಟು ನೋಡು. ಅವಳು ಹಾಗೇ ಮಾಡಿದಳು. ಕೆಂಪಿಗೆ ಇಟ್ಟಳು, ಕಪ್ಪಿಗೆ ಇಟ್ಟಳು, ಹಸಿರಿಗೂ ಇಟ್ಟಳು. ಮತ್ತೆ ನಡುಮನೆಗೆ ಹೋಗಿ ದೀಪ ಹತ್ತುತ್ತದೆಯೇ ನೋಡಿ ಬಂದಳು. ಈ ಓಡಾಟದಲ್ಲಿ ಅವಳು ಒಮ್ಮೆಯೂ ಅವನ ಮುಖ ನೋಡಲಿಲ್ಲ. ಹಾಗೆಯೇ ಆಗಬೇಕಾದದ್ದು ಎಂದು ಅವನಿಗೆ ಗೊತ್ತಿತ್ತು, ಆದರೂ ನೋವಾಯಿತು. ಕೆಂಪು ವಯರಿನ ತುದಿ ಕರಕಲಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಸ್ಕ್ರೂ ಸಡಿಲವಿದ್ದು ಅಲ್ಲೇ ಕಾದು ಕಾದು ಸುಟ್ಟದ್ದು. ಕರಕಲಾದಷ್ಟನ್ನು ಕತ್ತರಿಸಿ, ತಾಮ್ರ ಕೆಂಪಗೆ ಹೊಳೆಯುವವರೆಗೆ ಸುಲಿದು, ಹೊಸ ಸಾಕೆಟ್ಟಿನ ತೂತಿಗೆ ತೂರಿಸಿ ಬಿಗಿದು, ಬಿಗಿದ ಮೇಲೆ ಒಂದೊಂದನ್ನೂ ಎಳೆದು ನೋಡಿದಳು. ಎಳೆದು ನೋಡು ಎಂದು ಯಾರೂ ಹೇಳಿರಲಿಲ್ಲ.

ಮೇನ್ ಮೇಲೆ ಮಾಡಿದಾಗ ಬಲ್ಬು ಹತ್ತಿತು, ಉದ್ದನೆಯ ವಯರು ಕಿತ್ತು ಹೊಸ ಸಾಕೆಟ್ಟಿಗೆ ಸಿಕ್ಕಿಸಿದಾಗ ಫ್ರಿಜ್ಜು ಒಮ್ಮೆ ನಡುಗಿ ಗುರ್ ಎನ್ನತೊಡಗಿತು. ಎಲ್ಲರೂ ಅದನ್ನೇ ಕೇಳುತ್ತಾ ನಿಂತರು. ಬೇರೆ ದಿನವಾಗಿದ್ದರೆ ಯಾರಾದರೂ ಏನಾದರೂ ತಮಾಷೆ ಮಾಡುತ್ತಿದ್ದರು. ಬಾಮೈದ ಫ್ರಿಜ್ಜನ್ನು ಹಿಂದಕ್ಕೆ ತಳ್ಳಲು ಭುಜ ಕೊಟ್ಟ, ಕೈತೊಳೆದ, ಒರೆಸಿಕೊಂಡ, ಆಮೇಲೆ ಊಟಕ್ಕೆ ಕೂಡದೆ ಹೊರಗಿನ ಬಾಗಿಲ ಕಡೆ ನಡೆದ. ಅವನು ಹಾಗೆ ಹೇಳದೆ ಕೇಳದೆ ಎದ್ದುಹೋಗುವವನಲ್ಲ. ಭಾವ ಹಿಂದೆಯೇ ಹೋದ. ಬಾಮೈದ ಒಂದು ಚಪ್ಪಲಿಯಲ್ಲಿ ಕಾಲು ತೂರಿಸಿ, ಇನ್ನೊಂದನ್ನು ಹಾಕಿಕೊಳ್ಳುವುದನ್ನು ಮರೆತವನಂತೆ ಗೋಡೆ ಹಿಡಿದು ನಿಂತಿದ್ದ. ಹೊರಗೆ ಮಧ್ಯಾಹ್ನದ ಬಿಸಿಲು ಮೆಟ್ಟಿಲಿನ ಮೇಲೆ ಬಿದ್ದಿತ್ತು.

"ಭಾವ, ಕೈ ಹಾಕು ಅಂತ ನೀವು ನಿಜವಾಗ್ಲೂ ಅಂದಿದ್ರಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಅಂದಿದ್ದೆ."

"ಅದಕ್ಕೆ ಮುಂಚೆ ನಾನು ಮುಟ್ಟಿರ್ಲಿಲ್ಲ."

"ಇಲ್ಲ. ನೀನು ಸ್ಕ್ರೂಡ್ರೈವರ್ ಹಿಡ್ಕೊಂಡು ನನ್ನ ಮುಖ ನೋಡ್ತಾ ನಿಂತಿದ್ದೆ. ಬಿಸಿಲು ಕಣ್ಣಿಗೆ ಹೊಡೀತಿದೆ ಅಂತ ಕೈ ಅಡ್ಡ ಹಿಡ್ಕೊಂಡಿದ್ದೆ."

ಬಾಮೈದ ಬಿಸಿಲನ್ನು ನೋಡಿದ. ಹೌದು ಎಂದೋ ಇಲ್ಲ ಎಂದೋ ತಿಳಿಯದ ಹಾಗೆ ತಲೆ ಅಲುಗಿಸಿದ. ಅವನ ತುಟಿ ಏನನ್ನೋ ಎಣಿಸುವವರ ಹಾಗೆ ಆಡುತ್ತಿತ್ತು. ಅವನು ಈಗ ಬೈದರೆ ಸಾಕು ಎಂದು ಭಾವ ಕಾಯುತ್ತಿದ್ದ, ಹೊಡೆದರೂ ಸರಿಯೇ. ಒಳಗೆ ತಟ್ಟೆಗಳ ಸದ್ದಾಯಿತು. ಹೆಂಡತಿ ಬಂದು ಗಂಡನನ್ನು ದಾಟಿಕೊಂಡು ತಮ್ಮನ ಎದುರು ನಿಂತಳು. ಅತ್ತು ಮುಖ ತೊಳೆದುಕೊಂಡಿದ್ದಳು. ಬಾರೋ, ಊಟ ಮಾಡಿ ಹೋಗು ಎಂದು ಅವನ ಆ ಕೈಯನ್ನು ಹಿಡಿದಳು.

ಅವನು ಅವಳನ್ನು ದಿಟ್ಟಿಸಿ ನೋಡಿದ. ಏನೋ ದೊಡ್ಡ ಸುದ್ದಿಯನ್ನು ತಾನೇ ಮೊದಲು ತಂದವನ ಹಾಗೆ ಹೇಳಿದ.

"ಅಕ್ಕಾ, ನಾನು ಕಾದಿದ್ದೆ ಕಣೇ."